ದಡ ಕಟ್ಟುವ ಮುನ್ನ ಒಂದು ಅಪ್ಪಣೆ

(ಸಂಘದ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ವೇದಿಕೆಯನ್ನೇರಿದವರು ನುಡಿಯನ್ನು ಕುರಿತೋ ನಾಡಿನ ಚರಿತ್ರೆಯನ್ನು ಕುರಿತೋ ಮಾತನಾಡುವುದು ವಾಡಿಕೆ. ನಾನಾದರೋ ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತಗಿರಿ ಮಾಡುವವನು. ಪಂಡಿತನಲ್ಲ, ವಿಜ್ಞಾನಿಯಂತೂ ಅಲ್ಲವೇ ಅಲ್ಲ. ಆದರೂ ಕಾರ್ಯದರ್ಶಿಗಳು “ನಿಮಗೆ ತಿಳಿದುದನ್ನೇ ಹೇಳಿ” ಎಂದು ಅಪ್ಪಣೆ ಮಾಡಿದುದರಿಂದ, ಹೊಳೆಯ ದಡವನ್ನು ಕುರಿತು ನಾಲ್ಕು ಮಾತು ಹೇಳಲು ನಿಂತಿದ್ದೇನೆ. ಈ ವಿಷಯವೇ ಏಕೆಂದು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ; ಅದರಲ್ಲಿ ನನ್ನ ಮನೆಯ ಸಂಕಟವೂ ಒಂದಿಷ್ಟು ಸೇರಿದೆ.

ನಾನು ಕೆಲಸ ಮಾಡುವ ಶಾಖೆ ಇರುವುದು ಕಾಸಿಮೇಡಿನಲ್ಲಿ. ಮೀನುಬಂದರಿನ ಆ ಗಲಾಟೆ, ಆ ವಾಸನೆ ತಮ್ಮಲ್ಲಿ ಹಲವರಿಗೆ ಗೊತ್ತು. ಪ್ರತಿ ವರ್ಷ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಎಂದರೆ 61 ದಿನ, ಈ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿಮಾಡಲಿ ಎಂದು ಸರ್ಕಾರ ವಿಧಿಸಿದ ಬಿಡುವು ಅದು. ಆ ದಿನಗಳಲ್ಲಿ ನಮ್ಮ ಶಾಖೆಯ ಉಳಿತಾಯ ಖಾತೆಗಳೂ ಬೇಸಗೆಯ ಕೆರೆಯಂತೆ ತಳ ಕಾಣುತ್ತವೆ. ಒಮ್ಮೆ ಹಣ ತೆಗೆಯಲು ಬಂದಿದ್ದ ಹಿರಿಯ ಮೀನುಗಾರರೊಬ್ಬರನ್ನು, “ಅರವತ್ತೊಂದು ದಿನ ಬಿಡುವು ಕೊಟ್ಟರೆ ಸೀಗಡಿ ಹೆಚ್ಚುವುದೇ?” ಎಂದು ಕೇಳಿದೆ. ಅವರು ತಮಿಳಿನಲ್ಲಿ ಹೇಳಿದುದರ ಸಾರ ಇಷ್ಟು: “ಕಡಲಿಗೆ ಬಿಡುವು ಕೊಟ್ಟರೆ ಸಾಲದು ಸ್ವಾಮಿ. ತೊಟ್ಟಿಲು ಇರುವುದು ಎಣ್ಣೂರಿನ ಅಳಿವೆಯಲ್ಲಿ. ತೊಟ್ಟಿಲು ಮುರಿದ ಮೇಲೆ ತಾಯಿಗೆ ರಜೆ ಕೊಟ್ಟು ಏನು ಫಲ?”

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ವಿಚಾರಿಸಿ ನೋಡಿದರೆ ಅವರು ಹೇಳಿದುದು ಅಕ್ಷರಶಃ ನಿಜ. ನಾವು ತಿನ್ನುವ ಬಿಳಿ ಸೀಗಡಿ ಮೊಟ್ಟೆಯಿಡುವುದು ಕಡಲಿನಲ್ಲಿ. ಆದರೆ ಅದರ ಎಳೆಯ ಮರಿಗಳು ಭರತದ ನೀರಿನೊಡನೆ ಅಳಿವೆಯೊಳಕ್ಕೆ ಬಂದು, ದಡದ ಕೆಸರಿನಲ್ಲಿ, ಕಾಂಡ್ಲಾ ಗಿಡಗಳ ಬೇರಿನ ಮರೆಯಲ್ಲಿ ಬೆಳೆದು, ಬಲಿತ ಮೇಲೆ ಮತ್ತೆ ಕಡಲಿಗೆ ಹೋಗುತ್ತವೆ. ಕೊಸಸ್ತಲೈಯಾರು ಎಂಬ ನದಿ ಕಡಲು ಸೇರುವ ಎಣ್ಣೂರಿನ ದಡ ಕೆಟ್ಟರೆ ಕಾಸಿಮೇಡಿನ ಬುಟ್ಟಿ ಬರಿದಾಗುತ್ತದೆ. 2023ರ ಡಿಸೆಂಬರಿನಲ್ಲಿ, ಮಿಚಾಂಗ್ ಚಂಡಮಾರುತದ ಮಳೆಯ ವೇಳೆ, ಅಲ್ಲಿ ಎಣ್ಣೆ ಹರಿದು ನೀರು, ಗಿಡ, ದೋಣಿ, ಬಲೆ ಎಲ್ಲವೂ ಮಸಿ ಬಳಿದಂತಾದುದನ್ನು ತಾವು ಪತ್ರಿಕೆಗಳಲ್ಲಿ ನೋಡಿದ್ದೀರಿ. ಅಂಥ ಕಡೆ ಎಣ್ಣೆಯನ್ನು ತೆಗೆಯುವ ಕೆಲಸಕ್ಕೂ ಎಚ್ಚರ ಬೇಕು. ಕಾಂಡ್ಲಾ ಗಿಡ ಕೆಸರಿನಿಂದ ಮೇಲಕ್ಕೆ ಚಾಚಿದ ಬೇರುಗಳಿಂದ ಉಸಿರಾಡುತ್ತದೆ; ಒಳ್ಳೆಯದನ್ನು ಮಾಡಲು ಹೋದವನು ಅದನ್ನೇ ತುಳಿದು ಬಂದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾದೀತು.

ಇನ್ನು ದಡಕ್ಕೂ ಮೀನಿಗೂ ಇರುವ ನಂಟನ್ನು ಎಲ್ಲಕ್ಕಿಂತ ಚೆನ್ನಾಗಿ ಕಲಿಸುವ ಮೀನು ಟ್ರೌಟ್. ಇದು ನಮ್ಮ ದೇಶದ ಮೀನಲ್ಲ. ಆಂಗ್ಲರು ತಮ್ಮ ಗಾಳದ ಚಪಲಕ್ಕೆ ನೀಲಗಿರಿಗೆ ತಂದುದು. 1860ರ ದಶಕದ ಮೊದಲ ಪ್ರಯತ್ನಗಳು ಕೈಗೂಡಲಿಲ್ಲ. ಕೊನೆಗೆ ವಿಲ್ಸನ್ ಎಂಬ ಅಧಿಕಾರಿಯ ಕಾಲದಲ್ಲಿ, 1907ರಲ್ಲಿ, ಅವಲಾಂಚೆಯಲ್ಲಿ ಮೊಟ್ಟೆ ಮರಿಮಾಡುವ ಕೇಂದ್ರ ನೆಲೆನಿಂತಿತು. ಆ ತೊರೆಗಳ ನೀರು ಕುಂದಾ ಹೊಳೆಯಾಗಿ ಭವಾನಿಯನ್ನು ಸೇರಿ, ಕಡೆಗೆ ನಮ್ಮ ಕಾವೇರಿಯನ್ನೇ ಸೇರುತ್ತದೆ.

ಟ್ರೌಟ್ ಮೀನು ತೊರೆಯ ತಳದ ಬೆಣಚುಕಲ್ಲುಗಳನ್ನು ಬಾಲದಿಂದ ಕೆದರಿ, ಗುಳಿ ಮಾಡಿ, ಮೊಟ್ಟೆಯಿಟ್ಟು, ಮೇಲೆ ಕಲ್ಲು ಮುಚ್ಚುತ್ತದೆ. ಕಲ್ಲುಗಳ ಸಂದಿಯಲ್ಲಿ ಹರಿಯುವ ನೀರು ಆ ಮೊಟ್ಟೆಗಳಿಗೆ ಪ್ರಾಣವಾಯುವನ್ನು ಒಯ್ಯುತ್ತದೆ. ದಡ ಕುಸಿದು ಮಣ್ಣು ತೊರೆಗೆ ಬಿದ್ದರೆ ಸಂದಿಗಳೆಲ್ಲ ಮುಚ್ಚಿ ಮೊಟ್ಟೆಗಳು ಉಸಿರುಕಟ್ಟಿ ಸಾಯುತ್ತವೆ. ಇನ್ನು ದಡದ ಮರಗಳನ್ನು ಕಡಿದರೆ ನೆರಳು ಹೋಗಿ ನೀರು ಕಾಯುತ್ತದೆ. ಕಾದ ನೀರಿನಲ್ಲಿ ಪ್ರಾಣವಾಯು ನಿಲ್ಲುವುದಿಲ್ಲ. 10 ಡಿಗ್ರಿ ಶಾಖದ ಒಂದು ಲೀಟರು ನೀರು ಸುಮಾರು 11 ಮಿಲಿಗ್ರಾಂ ಪ್ರಾಣವಾಯುವನ್ನು ಹಿಡಿದರೆ, 30 ಡಿಗ್ರಿಯ ನೀರು ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ದಡದ ಹುಲ್ಲು ಬೇರುಗಳು ಗದ್ದೆ ತೋಟಗಳಿಂದ ಹರಿದುಬರುವ ಮಣ್ಣು ಗೊಬ್ಬರಗಳನ್ನು ತಡೆದು ನೀರನ್ನು ಸೋಸುತ್ತವೆ. ಹೀಗಾಗಿ ಮೀನಿಗೆ ಒಳ್ಳೆಯ ದಡ, ನೀರು ಕುಡಿಯುವ ಮನುಷ್ಯನಿಗೂ ಒಳ್ಳೆಯ ದಡವೇ.

ಹಾಗಾದರೆ ಕೆಟ್ಟ ದಡವನ್ನು ಸರಿಪಡಿಸಲು ಯಾರ ಅಪ್ಪಣೆ ಏಕೆ ಬೇಕು? ಒಳ್ಳೆಯ ಕೆಲಸಕ್ಕೂ ಅರ್ಜಿ, ಮೊಹರು, ಪರಿಶೀಲನೆ ಎಂದರೆ ಯಾರಿಗಾದರೂ ಬೇಸರ ಬರುವುದು ಸಹಜ. ಬ್ಯಾಂಕಿನಲ್ಲಿ ನಿತ್ಯವೂ ಈ ಬೇಸರದ ಮಾತುಗಳನ್ನು ಕೇಳುವವನು ನಾನು. ಇದಕ್ಕೆ ಉತ್ತರವಾಗಿ ನಮ್ಮ ಮನೆಯ ಕಥೆಯೊಂದನ್ನು ಹೇಳುತ್ತೇನೆ.

ನಮ್ಮೂರು ಮಲೆನಾಡಿನ ಒಂದು ಹಳ್ಳಿ. ಮನೆಯ ಕೆಳಗೆ ಹಳ್ಳ; ಈಚೆ ದಡದಲ್ಲಿ ನಮ್ಮ ಅಡಕೆ ತೋಟ, ಆಚೆ ದಡದಲ್ಲಿ ಚಿಕ್ಕಪ್ಪನ ತೋಟ. ಮುಂಗಾರಿನ ಮೊದಲ ನೀರಿಗೆ ಹತ್ತುಮೀನು ಬರುವಾಗ ಎರಡು ಮನೆಯ ಮಕ್ಕಳೂ ಹಳ್ಳದಲ್ಲೇ ಇರುತ್ತಿದ್ದೆವು. ನಾನು ಆರನೆಯ ತರಗತಿಯಲ್ಲಿದ್ದ ವರ್ಷ ನಮ್ಮ ದಡ ಕೊರೆದು ಹತ್ತಾರು ಅಡಕೆ ಮರ ಉರುಳಿದವು. ಅಪ್ಪಯ್ಯ ಸಾಲ ಮಾಡಿ, ಯಾರನ್ನೂ ಕೇಳದೆ, ಕಲ್ಲು ಸಿಮೆಂಟಿನ ಗೋಡೆ ಕಟ್ಟಿಸಿದರು. “ನನ್ನ ದಡ, ನನ್ನ ದುಡ್ಡು; ಕೇಳುವುದೇನು?” ಎಂಬುದು ಅವರ ಮಾತು. ಮರುವರ್ಷದ ಮಳೆಗೆ ನಮ್ಮ ತೋಟವೇನೋ ಉಳಿಯಿತು. ಆದರೆ ಗೋಡೆಗೆ ಬಡಿದು ರಭಸಗೊಂಡ ನೀರು ಆಚೆ ದಡವನ್ನು ತಿಂದಿತು. ಚಿಕ್ಕಪ್ಪ ನಮ್ಮಂಗಳದಲ್ಲಿ ನಿಂತು, “ಅಣ್ಣಯ್ಯ, ನಿನ್ನ ತೋಟ ಉಳಿಸಿಕೊಂಡೆ, ಸಂತೋಷ. ಹಳ್ಳಕ್ಕೆ ನನ್ನ ಮನೆ ದಾರಿ ತೋರಿಸಿದೆಯಲ್ಲ!” ಎಂದರು. ಬಯ್ಯಲಿಲ್ಲ, ಕೂಗಲಿಲ್ಲ. ಆ ವರ್ಷದ ದೀಪಾವಳಿಗೆ ಎರಡು ಮನೆಯ ಊಟ ಬೇರೆಯಾಯಿತು. ಗೋಡೆಯ ಬುಡದಲ್ಲಿ ಸಂದಿಯಿಲ್ಲ, ಬೇರಿಲ್ಲ. ಹತ್ತುಮೀನು ಅಲ್ಲಿ ನಿಲ್ಲುವುದೂ ತಪ್ಪಿತು.

ದೊಡ್ಡವನಾದ ಮೇಲೆ ತಿಳಿಯಿತು: ಆ ದಡ ಅಪ್ಪಯ್ಯನದಾದರೂ ಹಳ್ಳ ಅವರದಾಗಿರಲಿಲ್ಲ. 1964ರ ಕರ್ನಾಟಕ ಭೂಕಂದಾಯ ಶಾಸನದ 67ನೆಯ ಪ್ರಕರಣದ ಪ್ರಕಾರ ಹೊಳೆ ಹಳ್ಳಗಳ ಪಾತ್ರ ಸರ್ಕಾರದ್ದು, ಎಂದರೆ ಎಲ್ಲರದು. ಅಪ್ಪಣೆ ಕೇಳುವುದೆಂದರೆ ಆಚೆ ದಡದವನನ್ನು ಕೇಳುವುದು. ಕೆಳಗಿನ ಊರಿನವನನ್ನು ಕೇಳುವುದು. ಬಾಯಿಲ್ಲದ ಮೀನಿನ ಪರವಾಗಿ ಯಾರಾದರೊಬ್ಬರು ಉತ್ತರ ಹೇಳುವಂತೆ ಮಾಡುವುದು. ನಾವು ಸಾಲ ಮಂಜೂರು ಮಾಡುವಾಗ ಆಸ್ತಿ ಯಾರದು, ಹಣ ಯಾವುದಕ್ಕೆ, ಹೊಣೆ ಯಾರು ಎಂದು ಕೇಳುತ್ತೇವೆ. ಹಣ ಕೊಟ್ಟ ಮೇಲೂ ಹೋಗಿ ನೋಡಿ ಬರುತ್ತೇವೆ. ದಡದ ಅಪ್ಪಣೆಯೂ ಅಂಥದೇ.

ಈ ತತ್ತ್ವ ಬೇರೆ ಬೇರೆ ಶಾಸನಗಳಲ್ಲಿ ಹೇಗೆ ಮೂಡಿದೆ ನೋಡಿ. 1972ರ ವನ್ಯಜೀವಿ ಸಂರಕ್ಷಣಾ ಶಾಸನದ 29ನೆಯ ಪ್ರಕರಣ, ಅಭಯಾರಣ್ಯದೊಳಗೆ ನೀರಿನ ಹರಿವನ್ನು ತಿರುಗಿಸುವುದಕ್ಕೂ ತಡೆಯುವುದಕ್ಕೂ ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ ಬೇಕೆನ್ನುತ್ತದೆ. ಆ ಕೆಲಸದಿಂದ ವನ್ಯಜೀವಿಗಳಿಗೆ ಒಳಿತಾಗುವುದೆಂದು ಮನವರಿಕೆಯಾದರೆ ಮಾತ್ರ ಪರವಾನಗಿ. ಕಾವೇರಿ ವನ್ಯಜೀವಿಧಾಮದ ದಡಗಳಿಗೆ ಇದು ಅನ್ವಯಿಸುತ್ತದೆ. ಕರಾವಳಿಗೆ 1991ರಲ್ಲಿ ಬಂದು 2011ರಲ್ಲೂ 2019ರಲ್ಲೂ ಬದಲಾದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಭರತದ ನೀರು ಬರುವ ಹೊಳೆಯ ದಡಕ್ಕೂ ಅನ್ವಯಿಸುತ್ತದೆ. ಅಂಥ ಕಡೆ ಮಣ್ಣು ತುಂಬುವುದನ್ನೂ ಒಡ್ಡು ಹಾಕುವುದನ್ನೂ ಕೆಲವು ವಿನಾಯಿತಿಗಳ ಹೊರತು ನಿಷೇಧಿಸುತ್ತದೆ.

ಟ್ರೌಟ್ ಮೀನಿನ ತವರುಗಳಲ್ಲಿ ಒಂದಾದ ಅಮೆರಿಕದಲ್ಲಿ 1972ರ ಶುದ್ಧ ಜಲ ಶಾಸನದ 404ನೆಯ ಪ್ರಕರಣದಂತೆ, ಹೊಳೆಯೊಳಗೆ ಕಲ್ಲು ಮಣ್ಣು ಹಾಕಲು ಸೈನ್ಯದ ಎಂಜಿನಿಯರುಗಳ ದಳದಿಂದ ಅಪ್ಪಣೆ ಪಡೆಯಬೇಕು. ಆದರೆ ಅಲ್ಲಿ ಒಂದು ವಿವೇಕವನ್ನು ಕಂಡೆ. ಕೆಲಸ ಕೆಲಸಕ್ಕೂ ಬೇರೆ ಬೇರೆ ಬಗೆಯ ಸಾಮಾನ್ಯ ಅಪ್ಪಣೆಗಳನ್ನು ಮೊದಲೇ ಸಿದ್ಧಪಡಿಸಿಟ್ಟಿದ್ದಾರೆ. ದಡ ಭದ್ರಪಡಿಸುವ 13ನೆಯ ಅಪ್ಪಣೆಗೆ ಸಾಮಾನ್ಯವಾಗಿ 500 ಅಡಿ ಉದ್ದದ ಮಿತಿ. ಜಲಚರಗಳ ನೆಲೆಯನ್ನು ಪುನರುದ್ಧಾರ ಮಾಡುವ 27ನೆಯ ಅಪ್ಪಣೆಗೆ, ಕೆಲಸದಿಂದ ಹೊಳೆಯ ಸಹಜ ಗುಣ ಒಟ್ಟಿನಲ್ಲಿ ಹೆಚ್ಚಬೇಕೆಂಬ ಕಟ್ಟಳೆ. ಸಸಿ ನೆಡುವವನನ್ನೂ ಕಾಂಕ್ರೀಟು ಸುರಿಯುವವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ, ಸಸಿಯವನು ಬೇಸತ್ತು ಮನೆಗೆ ಹೋಗುತ್ತಾನೆ. ಕಾಂಕ್ರೀಟಿನವನು ಕಾದು ನಿಲ್ಲುತ್ತಾನೆ. ಸಣ್ಣ ಒಳ್ಳೆಯ ಕೆಲಸಕ್ಕೆ ಸಣ್ಣ ಅರ್ಜಿ, ದೊಡ್ಡ ಕಟ್ಟಡಕ್ಕೆ ದೊಡ್ಡ ಪರೀಕ್ಷೆ ಎಂಬ ಕ್ರಮ ನಮ್ಮಲ್ಲಿಯೂ ಬಂದರೆ ಲೇಸು.

ದಡಗಳನ್ನು ಕಳೆದುಕೊಂಡರೆ ಏನನ್ನು ಕಳೆದುಕೊಳ್ಳುತ್ತೇವೆ ಎಂಬುದಕ್ಕೆ ನಮ್ಮ ಕಾವೇರಿಯಲ್ಲಿಯೇ ಉದಾಹರಣೆಯಿದೆ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಮೀನನ್ನು ಗಾಳದಿಂದ ಹಿಡಿದರು. ಕಾವೇರಿಯ ನೀರಲ್ಲದೆ ಜಗತ್ತಿನಲ್ಲಿ ಬೇರೆಲ್ಲಿಯೂ ಸ್ವಾಭಾವಿಕವಾಗಿ ಇಲ್ಲದ ಆ ಡುಬ್ಬದ ಮಹಶೀರ್, 2018ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದಿನ ಬೇಟೆ, ಹೊರಗಿನಿಂದ ತಂದುಬಿಟ್ಟ ಬೇರೆ ಜಾತಿಯ ಮಹಶೀರ್ ಮರಿಗಳು, ಹೀಗೆ ಕಾರಣಗಳು ಹಲವು. ಅದು ಮೊಟ್ಟೆಯಿಡುವುದೂ ಬೆಣಚುಕಲ್ಲಿನ ತಳದಲ್ಲಿಯೇ. ಶೃಂಗೇರಿಯ ತುಂಗೆಯಲ್ಲಿ ದೇವರ ಮೀನೆಂದು ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿಯುವ ನಾವು, ಅದೇ ಹೊಳೆಯ ದಡವನ್ನು ಅಗೆದರೆ ಆ ಭಕ್ತಿ ಅರ್ಧದ್ದು.

ಇದು ದೂರದ ಊರಿನ ಮಾತೆಂದು ತಾವು ಭಾವಿಸಬೇಡಿ. 2004ರಿಂದ ಚೆನ್ನೈಗೆ ವೀರಾಣಂ ಕೆರೆಯ ನೀರು ಬರುತ್ತಿದೆ. ಆ ಕೆರೆಗೆ ಕೊಳ್ಳಿಡಂ ಮೂಲಕ ಬರುವುದು ಕಾವೇರಿಯ ನೀರು. ಕೊಡಗಿನ ಬೆಟ್ಟದ ಹನಿ ನಮಗಿಂತಲೂ ಸುತ್ತು ದಾರಿ ಹಿಡಿದು ನಮ್ಮ ಹಿಂದೆಯೇ ಈ ಪಟ್ಟಣಕ್ಕೆ ವಲಸೆ ಬಂದಿದೆ! ಇನ್ನು ದಡ ಮತ್ತೆ ಬದುಕಬಲ್ಲದೇ ಎಂಬ ಸಂಶಯವಿದ್ದವರು ಅಡ್ಯಾರಿನ ತೊಲ್ಕಾಪ್ಪಿಯ ಪೂಂಗಾವನ್ನು ನೆನೆಯಬಹುದು. ಕಟ್ಟಡದ ಕಸ ಸುರಿಯುತ್ತಿದ್ದ 58 ಎಕರೆ ಹಿನ್ನೀರ ನೆಲವನ್ನು ಅಗೆದು, ನೀರಿಗೆ ದಾರಿ ಮಾಡಿ, ಈ ನಾಡಿನದೇ ಸಸಿಗಳನ್ನು ನೆಟ್ಟು, 2011ರಲ್ಲಿ ತೆರೆದರು.

ಈಗ ಮೊದಲು ಹೇಳಿದ ಸಂಕಟಕ್ಕೆ ಬರುತ್ತೇನೆ. ಈ ಬೇಸಗೆಯಲ್ಲಿ ಊರಿನಿಂದ ಫೋನು ಬಂತು. ಹಳ್ಳಕ್ಕೆ ಎರಡೂ ಕಡೆ ಉದ್ದಕ್ಕೂ ತಡೆಗೋಡೆ ಕಟ್ಟಬೇಕಂತೆ. ಪಟ್ಟಣದಲ್ಲಿರುವವರು ಕೈಬಿಚ್ಚಿ ಚಂದಾ ಕೊಡಬೇಕಂತೆ. ಅಪ್ಪಯ್ಯನಿಗೆ ಈಗ ಎಪ್ಪತ್ತು ದಾಟಿದೆ. ಕೊಡದಿದ್ದರೆ “ಊರು ಮರೆತ” ಎನ್ನುತ್ತಾರೆ. ಕೊಟ್ಟರೆ ಹಳೆಯ ತಪ್ಪನ್ನೇ ದೊಡ್ಡದಾಗಿ ಮಾಡಿದಂತಾಗುತ್ತದೆ. ತಮ್ಮಲ್ಲಿ ಅನೇಕರಿಗೆ ಇಂಥ ಫೋನು ಬಂದಿರಬೇಕು. ನಾಲ್ಕು ದಿನ ಯೋಚಿಸಿ ಊರಿಗೆ ಒಂದು ಕಾಗದ ಬರೆದೆ. ಹಣ ಕೊಡುತ್ತೇನೆ, ಆದರೆ ಮೂರು ಪ್ರಶ್ನೆಗೆ ಉತ್ತರ ಬೇಕು ಎಂದೆ. ಒಂದು: ಹಳ್ಳದ ಎಲ್ಲೆಯನ್ನು ಸರ್ಕಾರದ ಮೋಜಣಿಯವರು ಅಳೆದು, ಸಂಬಂಧಪಟ್ಟವರು ಅಪ್ಪಣೆ ಕೊಟ್ಟಿದ್ದಾರೆಯೇ? ಎರಡು: ಕೆಳಗಿನ ತೋಟದವರನ್ನು ಕೂರಿಸಿಕೊಂಡು ಕೇಳಿದ್ದೀರಾ? ಮೂರು: ಗೋಡೆಯ ಬದಲು ದಡವನ್ನು ಇಳಿಜಾರು ಮಾಡಿ, ನೀರಂಚಿಗೆ ಲಾವಂಚ, ಕೇದಗೆ, ಅದರ ಮೇಲೆ ಹೊಳೆಮತ್ತಿ, ಹೊಂಗೆ ನೆಟ್ಟರೆ ಸಾಲದ ಜಾಗ ಎಷ್ಟು ಗಜ? ಅಷ್ಟಕ್ಕೆ ಮಾತ್ರ ಕಲ್ಲು ಹಾಕಿ; ಅದನ್ನೂ ಬೇರಿಗೂ ಮೀನಿಗೂ ಸಂದಿ ಬಿಟ್ಟು ಹಾಕಿ.

ಆ ಕಾಗದವನ್ನು ಅಪ್ಪಯ್ಯ ಮೊದಲು ಒಬ್ಬರೇ ಓದಿದರಂತೆ. ಆಮೇಲೆ ಕನ್ನಡಕ ಹಾಕಿಕೊಂಡೇ ಸಂಕ ದಾಟಿ ಚಿಕ್ಕಪ್ಪನ ಮನೆಗೆ ಹೋದರಂತೆ. ಅಲ್ಲಿ ಏನು ಮಾತಾಯಿತೋ ಗೊತ್ತಿಲ್ಲ. ಕಾಗದದ ಕೆಳಗೆ ಇಬ್ಬರ ಸಹಿಯೂ ಬಿದ್ದು ಅರ್ಜಿಯ ಜೊತೆ ತಾಲ್ಲೂಕು ಕಚೇರಿಗೆ ಹೋಗಿದೆಯೆಂದು ಅಮ್ಮ ಹೇಳಿದಳು. ಅಪ್ಪಣೆ ಇನ್ನೂ ಬಂದಿಲ್ಲ. ಕಚೇರಿಗಳ ನಿಧಾನ ಬ್ಯಾಂಕಿನವನಾದ ನನಗೆ ಹೊಸತಲ್ಲ, ಕಾಯೋಣ. ನನ್ನ ಪಾಲಿನ ಹಣವನ್ನು ಬೇರೆ ಖಾತೆಯಲ್ಲಿ ತೆಗೆದಿಟ್ಟಿದ್ದೇನೆ.

ಮಹನೀಯರೇ, 1956ರ ನವೆಂಬರ್ 1ರಂದು ನಾಡು ಒಂದಾಯಿತು. ಭೂಪಟದ ಗೆರೆಗಳು ಅಂದು ಸೇರಿದವು. ಹೊಳೆಯ ಎರಡು ದಡಗಳನ್ನು ಸೇರಿಸುವ ಕೆಲಸ ಆಯಾ ಊರಿನ ಮಕ್ಕಳದು. ಊರಿಗೆ ಹಣ ಕಳುಹಿಸುವಾಗ ಒಂದು ಪ್ರಶ್ನೆಯನ್ನೂ ಜೊತೆಗೆ ಕಳುಹಿಸಿ ಎಂಬುದೇ ನನ್ನ ಬಿನ್ನಹ.