ಮಾರಿಯ ಕಾಲದಲ್ಲಿ ಧರ್ಮ

2020ರಲ್ಲಿ ಕೋವಿಡ್ ಹಬ್ಬಿದಾಗ ಗುಡಿ, ಮಸೀದಿ, ಇಗರ್ಜಿಗಳ ಬಾಗಿಲು ಮುಚ್ಚಿದವು. ಮನುಷ್ಯನಿಗೆ ದೇವರು ತೀರ ಬೇಕಾದ ಹೊತ್ತಿನಲ್ಲೇ ದೇವಾಲಯ ದೂರವಾಯಿತಲ್ಲ ಎಂದು ಹಲವರು ಮರುಗಿದರು. ಇಂಥ ವಿಪತ್ತಿನಲ್ಲಿ ಧರ್ಮದಿಂದ ಆಗುವ ಉಪಕಾರವಾದರೂ ಏನು? ಕೇಳುಗರೇ, ಈ ಪ್ರಶ್ನೆಗೆ ಉತ್ತರವನ್ನು ನಾನು ಶಾಸ್ತ್ರದಲ್ಲಿ ಅಲ್ಲ, ಚರಿತ್ರೆಯಲ್ಲಿ ಅರಸಬಯಸುತ್ತೇನೆ.

ರೋಗಾಣು ಕಣ್ಣಿಗೆ ಕಾಣದು. ಕಾಣದ ವೈರಿಯ ಭಯವೇ ದೊಡ್ಡದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಅದಕ್ಕೆ ಪ್ಲೇಗಿನ ಮಾರಮ್ಮನೆಂದು ಹೆಸರಿಟ್ಟು ಪೂಜಿಸಿದರು. ಇದನ್ನು ಬರಿಯ ಮೌಢ್ಯವೆಂದು ನಾನು ತಳ್ಳಿಹಾಕಲಾರೆ. ಅಮ್ಮನೆಂದು ಕರೆದ ಮೇಲೆ ಬೇಡಬಹುದು, ಜಗಳವಾಡಬಹುದು, ಅತ್ತು ಹಗುರಾಗಬಹುದು. ಅದು ರೋಗಕ್ಕೆ ಮದ್ದಲ್ಲ, ದಿಗಿಲಿಗೆ ಮದ್ದು.

ಆದರೆ ಧೈರ್ಯವೊಂದೇ ಸಾಲದು, ಸಂಯಮವೂ ಬೇಕು. ವ್ಯಾಧಿಯಿರುವ ನಾಡನ್ನು ಹೊಗಬೇಡಿ, ಅಲ್ಲಿರುವವರು ಬಿಟ್ಟೋಡಬೇಡಿ ಎಂಬ ಉಪದೇಶ ಪ್ರವಾದಿ ಮುಹಮ್ಮದರ ಹದೀಸುಗಳಲ್ಲಿದೆ. ಏಳನೆಯ ಶತಮಾನದಲ್ಲಿ ಖಲೀಫ ಉಮರರು ಸಿರಿಯಾಕ್ಕೆ ಹೋಗುವ ದಾರಿಯಲ್ಲಿ ಪ್ಲೇಗಿನ ಸುದ್ದಿ ಕೇಳಿ ಹಿಂದಿರುಗಿದರು. ದೈವಸಂಕಲ್ಪಕ್ಕೆ ಹೆದರಿ ಓಡುವಿರಾ ಎಂದು ಕೇಳಿದವರಿಗೆ, ಹಿಂದಿರುಗುವುದೂ ದೈವಸಂಕಲ್ಪವೇ ಎಂಬರ್ಥದ ಉತ್ತರ ಕೊಟ್ಟರೆಂದು ಪ್ರತೀತಿ. ಇಟಲಿಯ ಮಿಲಾನ್ ನಗರದಲ್ಲಿ 1576ರ ಪ್ಲೇಗಿನ ಕಾಲಕ್ಕೆ ಆರ್ಚ್‌ಬಿಷಪ್ ಕಾರ್ಲೊ ಬೊರೊಮಿಯೊ ಬೀದಿಗಳಲ್ಲೇ ಬಲಿಪೀಠಗಳನ್ನು ಇರಿಸಿದರು. ಮನೆಬಿಟ್ಟು ಬರಲಾಗದವರು ಕಿಟಕಿಯಿಂದಲೇ ಪೂಜೆಯನ್ನು ಕಂಡರು. ಭಕ್ತ ಗುಡಿಗೆ ಬಾರದಿದ್ದರೆ ಗುಡಿಯೇ ಭಕ್ತನಲ್ಲಿಗೆ ಹೋಯಿತು.

ಧರ್ಮದ ಕಠಿಣ ಪರೀಕ್ಷೆ ಇನ್ನೊಂದಿದೆ. ಭೀತಿಗೊಂಡ ಜನ ಅಪರಾಧಿಯನ್ನು ಹುಡುಕುತ್ತಾರೆ. 1348ರಲ್ಲಿ ಯುರೋಪಿನಲ್ಲಿ ಯಹೂದ್ಯರು ಬಾವಿಗಳಿಗೆ ವಿಷ ಬೆರೆಸಿದರೆಂಬ ಗುಲ್ಲೆದ್ದು ಊರೂರುಗಳಲ್ಲಿ ಅವರ ಕೊಲೆಗಳಾದವು. ಅದೇ ರೋಗದಿಂದ ಯಹೂದ್ಯರೂ ಸಾಯುತ್ತಿದ್ದಾರಲ್ಲ ಎಂದು ಪೋಪ್ ಆರನೆಯ ಕ್ಲೆಮೆಂಟ್ ಆ ಸುಳ್ಳನ್ನು ಖಂಡಿಸಿದರು. ಕೊಲೆ ನಿಲ್ಲಲಿಲ್ಲ, ಆದರೂ ಆ ಮಾತು ಉಳಿಯಿತು. 2020ರಲ್ಲಿ ನಮ್ಮ ದೇಶದಲ್ಲೂ ಒಂದು ಮತದವರ ತಲೆಗೆ ರೋಗದ ಹೊಣೆ ಕಟ್ಟಿದವರಿದ್ದರು. ಮರುವರ್ಷ ದೆಹಲಿಯ ಸುತ್ತಮುತ್ತ ಉಸಿರಿಗಾಗಿ ಜನ ತತ್ತರಿಸಿದಾಗ, ಗುರುದ್ವಾರದ ಸೇವಕರು ಯಾರ ಜಾತಿಯನ್ನೂ ಕೇಳದೆ ಆಮ್ಲಜನಕ ನೀಡಿದರು. ಎರಡೂ ನಮ್ಮ ನಡುವೆಯೇ ನಡೆದವು.

ರೋಗವನ್ನು ಗುಣಪಡಿಸುವುದು ವೈದ್ಯದ ಕೆಲಸ. ಅದನ್ನು ಧರ್ಮದಿಂದ ನಾನು ಬಯಸುವುದಿಲ್ಲ. ದೂರ ನಿಂತವರು ಪರಕೀಯರಾಗದಂತೆ, ಸಾಯುವವರು ಅನಾಥರಾಗದಂತೆ, ಬದುಕಿದವರು ಕ್ರೂರರಾಗದಂತೆ ಅದು ಕಾದರೆ ಸಾಕು. ಅಷ್ಟನ್ನು ಮಾಡಿದ ಧರ್ಮ, ಬಾಗಿಲು ಮುಚ್ಚಿದ್ದರೂ ತೆರೆದೇ ಇರುತ್ತದೆ.