ಬೆಟ್ಟದ ಅಪಾಯ, ಬಯಲಿನ ಅಪಾಯ

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗರಾಮೇಶ್ವರ ಬೆಟ್ಟದಲ್ಲಿರುವ ಅಶೋಕನ ಶಾಸನವನ್ನು ಬ್ರಹ್ಮಗಿರಿ ಮತ್ತು ಸಿದ್ದಾಪುರದ ಶಾಸನಗಳೊಡನೆ 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಜಾತ್ರೆಯ ಕಾಲಕ್ಕೆ ಬಳೆಗಾರರು ಅಂಗಡಿ ಹೂಡುತ್ತಿದ್ದುದರಿಂದ ಆ ಬಂಡೆಗೆ ಬಳೆಗಾರರ ಗುಂಡು ಎಂಬ ಹೆಸರೂ ಬಂದಿತು. ಬಳೆಯ ಮಲಾರ ಹೊತ್ತು ಬೆಟ್ಟವೇರಿದವರನ್ನು ಯಾರೂ ಸಾಹಸಿಗಳೆಂದು ಕರೆದಿರಲಾರರು. ಈಗ ಬೆನ್ನುಚೀಲ ಹೊತ್ತು ಚಾರಣಕ್ಕೆ ಹೊರಡುವವರಿಗೆ ಮನೆಯವರು ಕರಡಿ, ಚಿರತೆ, ಜಾರುಬಂಡೆಗಳ ಎಚ್ಚರಿಕೆ ಹೇಳುತ್ತಾರಾದರೂ, ಬೆಟ್ಟದ ಬುಡದವರೆಗಿನ ಮೋಟಾರ್‌ಸೈಕಲ್ ಪ್ರಯಾಣದ ಬಗ್ಗೆ ಅಷ್ಟು ಚಿಂತಿಸುವುದಿಲ್ಲ.

ಅಪಾಯವನ್ನು ಅಳೆಯಲು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರೊನಾಲ್ಡ್ ಹೊವಾರ್ಡ್ ಅವರು ಮೈಕ್ರೊಮಾರ್ಟ್ ಎಂಬ ಮಾನವನ್ನು ಬಳಕೆಗೆ ತಂದರು. ಹತ್ತು ಲಕ್ಷದಲ್ಲಿ ಒಂದರಷ್ಟು ಸಾವಿನ ಸಂಭವವೇ ಒಂದು ಮೈಕ್ರೊಮಾರ್ಟ್. ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ 1,68,491 ಜನರು ಮೃತಪಟ್ಟರು; ಈ ಸಂಖ್ಯೆಯನ್ನು ಸುಮಾರು 140 ಕೋಟಿ ಜನರಿಗೆ ಹಂಚಿ ನೋಡಿದರೆ, ರಸ್ತೆಯೊಂದರಿಂದಲೇ ಪ್ರತಿಯೊಬ್ಬರ ಪಾಲಿಗೆ ಸರಾಸರಿ ಮೂರು ದಿನಕ್ಕೊಂದು ಮೈಕ್ರೊಮಾರ್ಟ್ ಬರುತ್ತದೆ. ಮಡಿದವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರಾದ್ದರಿಂದ, 150ಎ ಹೆದ್ದಾರಿಯಲ್ಲಿ ಚಳ್ಳಕೆರೆಯಿಂದ ರಾಂಪುರದತ್ತ ಹೆಲ್ಮೆಟ್ಟಿಲ್ಲದೆ ಸಾಗುವವನ ಪಾಲು ಸರಾಸರಿಯನ್ನು ಮೀರಿಯೇ ಇರುತ್ತದೆ.

ಆದರೆ ಸರಾಸರಿಯ ಬಲದಿಂದ ಚಾರಣವು ನಿರಪಾಯವೆಂದು ಸಾಧಿಸುವುದು ಸಲ್ಲದು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲಕ್ಕೆ ಹೋದ, ಕರ್ನಾಟಕದವರೇ ಹೆಚ್ಚಾಗಿದ್ದ 22 ಜನರ ತಂಡವು ಕೆಟ್ಟ ಹವೆಗೆ ಸಿಲುಕಿ, ಅವರಲ್ಲಿ ಒಂಬತ್ತು ಮಂದಿ ಅಸುನೀಗಿದರು. ಅಂತಹ ಎತ್ತರದ ಹಿಮಗಾಳಿಯನ್ನೂ ಮೊಳಕಾಲ್ಮೂರು ಬಳಿಯ ನುಂಕೆಮಲೆ ಬೆಟ್ಟದ ಬಿಸಿಲನ್ನೂ ಚಾರಣವೆಂಬ ಒಂದೇ ಹೆಸರಿನಡಿ ಲೆಕ್ಕ ಹಾಕಿದರೆ ಬರುವ ಅಂಕಿ ಎರಡಕ್ಕೂ ಹೊಂದುವುದಿಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದಾದ ಈ ಸೀಮೆಯಲ್ಲಿ, ಏಪ್ರಿಲ್‌ನ ನಡುಮಧ್ಯಾಹ್ನ ಸಾಕಷ್ಟು ನೀರಿಲ್ಲದೆ ಕಾದ ಬಂಡೆಯ ಮೇಲೆ ನಡೆಯುವವನಿಗೆ ಕರಡಿಗಿಂತ ಬಿಸಿಲೇ ಹತ್ತಿರದ ಶತ್ರು. ಅದೇ ಬೆಟ್ಟವನ್ನು ಮಾಗಿಯ ಬೆಳಿಗ್ಗೆ ಏರುವವನ ಲೆಕ್ಕವೇ ಬೇರೆ.

ತಾನೇ ಆರಿಸಿಕೊಂಡ ಅಪಾಯವನ್ನು ಮನುಷ್ಯನು ಹೇರಲ್ಪಟ್ಟ ಅಪಾಯಕ್ಕಿಂತ ಸುಮಾರು ಸಾವಿರಪಟ್ಟು ಹೆಚ್ಚಾಗಿ ಸಹಿಸಬಲ್ಲನೆಂದು ಚಾನ್ಸಿ ಸ್ಟಾರ್ ಎಂಬ ವಿದ್ವಾಂಸರು 1969ರಲ್ಲಿ ವಾದಿಸಿದ್ದರು. ಚಾರಣಿಗನು ಮೊದಲನೆಯ ಬಗೆಗೆ ಸೇರಿದರೆ, ಬೆಟ್ಟದಂಚಿನ ಹೊಲದಲ್ಲಿ ಬೆಳಗಾಗುವ ಮುನ್ನವೇ ಶೇಂಗಾ ಕೀಳಲು ಬಗ್ಗುವವರು ಎರಡನೆಯ ಬಗೆಗೆ ಸೇರುತ್ತಾರೆ. ಬಳ್ಳಿಯ ಕೆಳಗಿನ ಹಾವನ್ನಾಗಲಿ ಶೇಂಗಾ ತಿನ್ನಲು ಇಳಿದ ಕರಡಿಯನ್ನಾಗಲಿ ಅವರು ಬಯಸಿ ಎದುರಿಸುವುದಿಲ್ಲ, ಅದನ್ನು ಸಾಹಸವೆಂದು ಯಾರೂ ಹೊಗಳುವುದೂ ಇಲ್ಲ. ಹಾವು ಕಡಿತದಿಂದ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಸಾಯುತ್ತಾರೆಂದು 2000ದಿಂದ 2019ರವರೆಗಿನ ಸಾವುಗಳನ್ನು ಆಧರಿಸಿದ ಅಧ್ಯಯನವೊಂದು ಅಂದಾಜು ಮಾಡಿದೆ; ಅವರಲ್ಲಿ ಹೆಚ್ಚಿನವರು ಹಳ್ಳಿಗರು, ಮತ್ತು ಅನೇಕರು ಆಸ್ಪತ್ರೆಯ ಮೆಟ್ಟಿಲನ್ನೇ ಕಾಣದವರು. ಕರ್ನಾಟಕವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು, ಅಂದರೆ ಪ್ರತಿ ಪ್ರಕರಣವನ್ನೂ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳು ವರದಿ ಮಾಡಲೇಬೇಕಾದ ಕಾಯಿಲೆಯೆಂದು ಘೋಷಿಸಿತು. ಚಿಕಿತ್ಸೆಗೆ ಬಂದವರ ಮಟ್ಟಿಗಾದರೂ ಶೇಂಗಾ ಹೊಲದ ಅಪಾಯಕ್ಕೆ ಈಗ ಲೆಕ್ಕದ ಪುಸ್ತಕದಲ್ಲಿ ಜಾಗ ದೊರೆತಿದೆ.