ಬೆಕ್ಕಿನ ಗುರುಗುರು
(ವಾಚನಾಲಯದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಈ ತಿಂಗಳ ಭಾಷಣ ಬೆಕ್ಕಿನ ದನಿಯ ವಿಷಯವಾಗಿ ಎಂದು ಫಲಕದ ಮೇಲೆ ಬರೆದಾಗ ಕೆಲವರು ನಕ್ಕರು. "ಗಿರಣಿಯ ಲೆಕ್ಕ ಬರೆಯುವವರಿಗೆ ಬೆಕ್ಕಿನ ಲೆಕ್ಕವೇಕೆ?" ಎಂದು ಕೇಳಿದವರೂ ಉಂಟು. ನಾವು ಮೆಟ್ರಿಕ್ ಕಲಿತವರೇ ಹೊರತು ಪ್ರಾಣಿಶಾಸ್ತ್ರ ಬಲ್ಲವರಲ್ಲ. ಆದರೆ ನಮ್ಮಿಂದ ಒಂದು ತಪ್ಪಾಗಿದೆ. ಆ ತಪ್ಪಿನ ತರುವಾಯ ಓದಿ, ಕೇಳಿ ತಿಳಿದುಕೊಂಡ ನಾಲ್ಕು ಮಾತುಗಳನ್ನು ತಮ್ಮ ಮುಂದಿಡಲು ನಿಂತಿದ್ದೇವೆ.

ನಮ್ಮ ವಾಚನಾಲಯದ ಬೂದು ಬೆಕ್ಕನ್ನು ತಾವೆಲ್ಲ ಬಲ್ಲಿರಿ. ತುಳು ಆಡುವವರು ಅದನ್ನು ಪುಚ್ಚೆ ಎಂದರು, ನೆರೆಯ ಮರಾಠಿ ಮಕ್ಕಳು ಮಾಂಜರ್ ಎಂದರು. ಯಾವ ಹೆಸರಿಗೂ ಅದು ಬರುತ್ತಿತ್ತು. ಪತ್ರಿಕೆಗಳ ಮೇಜಿನ ಕೆಳಗೆ ಅದರ ಠಾವು. ಪಾಳಿ ಮುಗಿಸಿ ಬಂದು ಕಾಲು ಚಾಚಿ ಕೂತವರ ಪಾದಕ್ಕೆ ಒರಗಿ ಗುರುಗುಟ್ಟುತ್ತಿತ್ತು. ಹೋದ ಮಳೆಗಾಲದಲ್ಲಿ ಎರಡು ದಿನ ಅದು ಹಳೆಯ ಸಂಚಿಕೆಗಳ ಕಪಾಟಿನ ಹಿಂದೆ ಮುದುಡಿ ಮಲಗಿತು. ಇಟ್ಟ ಮೀನನ್ನು ಮೂಸಿ ಕೂಡ ನೋಡಲಿಲ್ಲ. ಕೈಯಿಟ್ಟರೆ ಮಾತ್ರ ಗುರುಗುರು ಎನ್ನುತ್ತಿತ್ತು. "ಗುರುಗುಟ್ಟುತ್ತಿದೆಯಲ್ಲ, ಸುಖವಾಗಿದೆ" ಎಂದುಕೊಂಡು ನಾವು ಬೀಗ ಹಾಕಿ ಹೋದೆವು. ಮೂರನೆಯ ದಿನ ಹೋಟೆಲಿನಲ್ಲಿ ದುಡಿಯುವ ಹಿರಿಯರೊಬ್ಬರು ಅದನ್ನು ಮುಟ್ಟಿ ನೋಡಿ, "ಇದಕ್ಕೆ ಎಲ್ಲಿಯೋ ಏಟು ಬಿದ್ದಿದೆ ಮಾರಾಯರೇ, ಹೊಟ್ಟೆ ಬಿಗಿದಿದೆ" ಎಂದರು. ಟ್ಯಾಕ್ಸಿಯಲ್ಲಿ ವೈದ್ಯರ ಬಳಿಗೆ ಒಯ್ದೆವು. "ಎರಡು ದಿನ ಮೊದಲೇ ತರಬೇಕಿತ್ತು" ಎಂದರು ಅವರು. ಅವರ ಮೇಜಿನ ಮೇಲೆಯೂ ಅದು ಗುರುಗುಟ್ಟುತ್ತಲೇ ಇತ್ತು. ಹಾಗೆಯೇ ಕಣ್ಣು ಮುಚ್ಚಿತು.

ಹಾಗಾದರೆ ಈ ಗುರುಗುರು ಎಂದರೇನು?

ನಾವು ಮಾತಾಡುವುದು ಉಸಿರು ಬಿಡುವಾಗ. ಬೆಕ್ಕು ಬಾಯಿ ಮುಚ್ಚಿಕೊಂಡು, ಉಸಿರೆಳೆಯುವಾಗಲೂ ಬಿಡುವಾಗಲೂ ಎಡೆಬಿಡದೆ ಗುರುಗುಟ್ಟಬಲ್ಲದು. ಆಗ ಅದರ ಗಂಟಲಿನ ಧ್ವನಿಪೆಟ್ಟಿಗೆ ಸೆಕೆಂಡಿಗೆ ಸುಮಾರು 25ರಿಂದ 30 ಸಲ ಕಂಪಿಸುತ್ತದೆ. ನಮ್ಮ ಖೋಲಿಯ ದೀಪಕ್ಕೆ ಬರುವ ವಿದ್ಯುತ್ತಿನ ಆವರ್ತ ಸೆಕೆಂಡಿಗೆ 50. ಬೆಕ್ಕಿನ ಗುರುಗುರು ಅದರ ಅರ್ಧದಷ್ಟು! ಇಷ್ಟು ಸಣ್ಣ ಗಂಟಲಿನಿಂದ ಇಷ್ಟು ತಗ್ಗಿನ ದನಿ ಹೇಗೆ? ಮಿದುಳಿನ ಅಪ್ಪಣೆಯಂತೆ ಗಂಟಲಿನ ಸ್ನಾಯುಗಳು ಬಿಗಿಯುತ್ತ, ಸಡಿಲುತ್ತ ಇರುವುದರಿಂದ ಎಂದು ಬಹುಕಾಲ ತಿಳಿದಿದ್ದರು. 2023ರಲ್ಲಿ ವಿಯೆನ್ನಾದ ಕ್ರಿಸ್ಟಿಯನ್ ಹರ್ಬ್‌ಸ್ಟ್ ಎಂಬವರೂ ಅವರ ಸಂಗಡಿಗರೂ ಸತ್ತ 8 ಬೆಕ್ಕುಗಳ ಧ್ವನಿಪೆಟ್ಟಿಗೆಗಳಲ್ಲಿ ಗಾಳಿ ಹಾಯಿಸಿ ನೋಡಿದರು. ಮಿದುಳಿನ ಹಂಗಿಲ್ಲದೆಯೇ ಅಂಥ ತಗ್ಗು ದನಿ ಹೊರಟಿತು. ಧ್ವನಿತಂತುಗಳೊಳಗೆ ಹುದುಗಿರುವ ಮೆತ್ತೆಯಂಥ ಭಾಗಗಳು ಇದಕ್ಕೆ ನೆರವಾಗುತ್ತಿರಬಹುದೆಂದು ಅವರು ಹೇಳಿದರು.

ಈ ವಿದ್ಯೆ ಬೆಕ್ಕಿನ ಕುಲಕ್ಕೆಲ್ಲ ಬಂದಿಲ್ಲ. ಓಟಕ್ಕೆ ಹೆಸರಾದ ಚೀತಾ ಗುರುಗುಟ್ಟುತ್ತದೆ. ಗರ್ಜಿಸುವ ಸಿಂಹ, ಹುಲಿಗಳಿಗೆ ಮನೆಬೆಕ್ಕಿನಂತೆ ಗುರುಗುಟ್ಟಲು ಬಾರದು. ನಮ್ಮ ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಚಿರತೆಗಳಿವೆ. ಚಿರತೆಯ ಕೂಗು ಗರಗಸದಿಂದ ಮರ ಕೊಯ್ದಂತೆ ಕೇಳುತ್ತದೆ.

ಗುರುಗುರುವಿನಲ್ಲಿಯೂ ಬಗೆಗಳಿವೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಕ್ಯಾರೆನ್ ಮೆಕಾಂಬ್ ಎಂಬಾಕೆ ಸಂಗಡಿಗರೊಡನೆ 2009ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಹಸಿದ ಬೆಕ್ಕು ಅನ್ನ ಕೇಳುವಾಗ ತಗ್ಗಿನ ಗುರುಗುರುವಿನೊಳಗೆ ಒಂದು ಎತ್ತರದ ಅಳುದನಿಯನ್ನು ಬೆರೆಸುತ್ತದೆ. ಅದು ಕೂಸಿನ ಅಳುವಿನ ಜಾತಿಯದು. ಬೆಕ್ಕು ಸಾಕದವರು ಕೂಡ ಅದನ್ನು ಕೇಳಿ, ಇದರಲ್ಲಿ ಅವಸರವಿದೆ ಎಂದು ಗುರುತಿಸಿದರು. ಬೆಳಿಗ್ಗೆ ಹಾಸಿಗೆಯಿಂದ ನಮ್ಮನ್ನು ಎಬ್ಬಿಸುವುದು ಈ ಕಳ್ಳ ದನಿಯೇ!

ಇನ್ನು ಮಿಯಾಂವ್. ಮರಿಗಳು ತಾಯಿಯನ್ನು ಹೀಗೆ ಕರೆಯುತ್ತವೆ. ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ಹೀಗೆ ಕೂಗಿಕೊಳ್ಳುವುದು ಕಡಿಮೆ. ಹೆಚ್ಚಾಗಿ ಇದು ಮನುಷ್ಯನಿಗೆಂದೇ ಉಳಿಸಿಕೊಂಡ ಮಾತು. ತಾಯಿಬೆಕ್ಕು ಮರಿಗಳ ಬಳಿಗೆ ಬರುವಾಗ ನಾಲಗೆ ಹೊರಳಿಸಿದಂತೆ "ಬ್ರ್ರ್" ಎನ್ನುತ್ತದೆ. ಕಿಟಕಿಯಾಚೆ ಪಾರಿವಾಳ ಕೂತರೆ ದವಡೆ ನಡುಗಿಸುತ್ತ ಕಟಕಟ ಸದ್ದು ಮಾಡುತ್ತದೆ. ಬುಸುಗುಟ್ಟಿದರೆ "ದೂರ ಇರು" ಎಂದರ್ಥ. ರಾತ್ರಿ ಚಾಳಿನ ಮಾಡಿನ ಮೇಲೆ ಕೂಸು ಅತ್ತಂತೆ ಕೇಳಿ ಬೆಚ್ಚಿಬೀಳುತ್ತೇವಲ್ಲ, ಅದು ಬೆದೆಗೆ ಬಂದ ಬೆಕ್ಕಿನ ಕೂಗು, ಇಲ್ಲವೆ ಗಂಡುಗಳ ಜಗಳ, ಪಿಶಾಚಿಯಲ್ಲ. ಮಿಲ್ಡ್ರೆಡ್ ಮೋಲ್ಕ್ ಎಂಬಾಕೆ 1944ರಲ್ಲಿಯೇ ಬೆಕ್ಕಿನ ದನಿಗಳನ್ನು 16 ಬಗೆಯಾಗಿ ವಿಂಗಡಿಸಿ ಬರೆದಿದ್ದರು.

ಈಗ ನಮ್ಮ ತಪ್ಪಿನ ಮಾತಿಗೆ ಬರೋಣ. ಬೆಕ್ಕು ಸುಖದಲ್ಲಿ ಗುರುಗುಟ್ಟುತ್ತದೆ, ನಿಜ. ಆದರೆ ನೋವಿನಲ್ಲಿಯೂ, ಹೆದರಿಕೆಯಲ್ಲಿಯೂ, ಹೆರಿಗೆಯಲ್ಲಿಯೂ, ಸಾಯುವಾಗಲೂ ಗುರುಗುಟ್ಟುವುದುಂಟು. ಹುಟ್ಟಿದ ಕೆಲವೇ ದಿನಗಳಲ್ಲಿ, ತಾಯಿಯ ಮೊಲೆಗೆ ಬಾಯಿಟ್ಟು ಕಲಿತ ದನಿಯದು. ಕಷ್ಟ ಬಂದಾಗ ತನ್ನನ್ನು ತಾನೇ ಸಂತೈಸಿಕೊಳ್ಳಲು ಅದನ್ನೇ ಹಿಡಿಯುತ್ತದೆ ಎಂದು ಬಲ್ಲವರು ಊಹಿಸುತ್ತಾರೆ. ಈ ಕಂಪನದಿಂದ ಮುರಿದ ಮೂಳೆ ಕೂಡಿಕೊಳ್ಳುತ್ತದೆ ಎಂಬ ಮಾತೂ ಇದೆ, ಅದು ರುಜುವಾತಾಗಿಲ್ಲ. ಅದನ್ನು ನಂಬಿ ಗಾಯದ ಬೆಕ್ಕನ್ನು ಮೂಲೆಯಲ್ಲಿ ಬಿಡಬಾರದು.

ಆದುದರಿಂದ ದನಿಯೊಂದನ್ನೇ ನಂಬಬೇಡಿರಿ. ಒಂದು ದಿನವಿಡೀ ಏನೂ ತಿನ್ನದಿದ್ದರೆ, ಕತ್ತಲೆಯಲ್ಲಿ ಅಡಗಿ ಕೂತರೆ, ಬಾಯಿ ತೆರೆದು ಏದುಸಿರು ಬಿಟ್ಟರೆ ಕೂಡಲೇ ವೈದ್ಯರಿಗೆ ತೋರಿಸಿರಿ. ಗಂಡುಬೆಕ್ಕು ಉಚ್ಚೆ ಬಾರದೆ ಮತ್ತೆ ಮತ್ತೆ ತಿಣುಕಿ ಕೂಗಿದರೆ ಒಂದು ಗಂಟೆಯೂ ತಡಮಾಡಬಾರದು, ಪ್ರಾಣಕ್ಕೆ ಅಪಾಯ. ಪರೇಲಿನಲ್ಲಿ ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ ಹತ್ತೊಂಬತ್ತನೆಯ ಶತಮಾನದಿಂದಲೂ ಇದೆ. ಅದರ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಿರಿ.

ಬಂಧುಗಳೇ, ನಮ್ಮಲ್ಲಿಯೂ ಇಂಥವರಿದ್ದಾರೆ. ಖೋಲಿಯಲ್ಲಿ ಜ್ವರದಿಂದ ಮಲಗಿದ್ದರೂ ಊರಿಗೆ ಫೋನು ಮಾಡಿದಾಗ "ಇಲ್ಲಿ ಆರಾಮ, ನೀವು ಚಿಂತೆ ಮಾಡಬೇಡಿ" ಎನ್ನುತ್ತಾರೆ. ಊರಿನವರು ಅದನ್ನೇ ನಂಬುತ್ತಾರೆ. ಅವರಿಗೆ ಬೇರೆ ದಾರಿಯಿಲ್ಲ. ಪಕ್ಕದ ಹಾಸಿಗೆಯವರಿಗೆ ದಾರಿಯಿದೆ. ಮೂರು ದಿನದಿಂದ ವಾಚನಾಲಯಕ್ಕೆ ಬಾರದವರು ಎಲ್ಲಿ ಎಂದು ಹೋಗಿ ನೋಡುವುದು ನಮ್ಮಿಂದ ಆಗುವ ಕೆಲಸ.

ಕಪಾಟಿನ ಹಿಂದೆ ಈಗ ಒಂದು ಮರಿ ಬಂದು ಸೇರಿದೆ. ಬೀಗ ಹಾಕುವ ಮೊದಲು ಅದು ಉಂಡಿತೇ ಎಂದು ನೋಡಲು ಸರದಿಯ ಪಟ್ಟಿಯೊಂದನ್ನು ಬಾಗಿಲಿಗೆ ಅಂಟಿಸಿದ್ದೇವೆ. ಗುರುವಾರ, ಶನಿವಾರಗಳ ಮುಂದೆ ಇನ್ನೂ ಯಾರ ಹೆಸರೂ ಇಲ್ಲ. ಹೋಗುವಾಗ ದಯವಿಟ್ಟು ನೋಡಿರಿ.